ಅರಿಶಿಣ ಹಚ್ಚಿದ ಪಾಸ್‌ಪೋರ್ಟು

ಲಗ್ನಪತ್ರಿಕೆ ಮನೆಗೆ ಬಂದರೆ ಎಲ್ಲರೂ ಹುಡುಗ ಯಾರು, ಹುಡುಗಿ ಯಾವೂರವಳು ಎಂದು ನೋಡುತ್ತಾರೆ. ನಾನು ಮೂಲೆಗಳನ್ನು ನೋಡುತ್ತೇನೆ. ನಾಲ್ಕೂ ಮೂಲೆಗೆ ಒದ್ದೆ ಅರಿಶಿಣ ಹಚ್ಚಿದ್ದಾರೆಯೇ, ಅದು ಎಷ್ಟು ದೂರ ಇಂಗಿದೆ, ಅಕ್ಷರದ ಮೇಲೆ ಹರಿದಿದೆಯೇ ಎಂದು ಬೆಳಕಿಗೆ ಹಿಡಿದು ಪರೀಕ್ಷಿಸುತ್ತೇನೆ. ಅಕ್ಷರ ಮುಚ್ಚಿದ್ದರೆ ಪತ್ರಿಕೆಯನ್ನು ಕಿಟಕಿಯ ಬಿಸಿಲಿಗೆ ಇಡುತ್ತೇನೆ. ಹೆಂಡತಿಗೆ ಇದೆಲ್ಲ ತಮಾಷೆ. "ಊಟಕ್ಕ ಏನು ಮಾಡಿಸ್ಯಾರಂತ ಪತ್ರಿಕಿ ಮೂಸಿ ನೋಡಾಕತ್ತೀರೇನು?" ಎನ್ನುತ್ತಾಳೆ. ನಗುತ್ತೇನೆ. ಆದರೆ ಅಂಗಾಲು ಬೆವರಿರುತ್ತದೆ.

ನಮ್ಮ ಕಡೆ ಶುಭದ ಕಾಗದ ಯಾವುದೇ ಇರಲಿ, ಅರಿಶಿಣ ಮುಟ್ಟಿಸದೆ ಹೊಸ್ತಿಲು ದಾಟಿಸುವುದಿಲ್ಲ. ನಮ್ಮ ಅವ್ವ ಈ ನಿಯಮವನ್ನು ತುಸು ವಿಸ್ತರಿಸಿದ್ದಳು. ನನ್ನ ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್ಟಿಗೂ ಹಚ್ಚಿದಳು. ಪರೀಕ್ಷೆಯ ಕೋಣೆಯಲ್ಲಿ ಮೇಷ್ಟ್ರು ಅದನ್ನು ಎರಡು ಬೆರಳಲ್ಲಿ ಎತ್ತಿ, "ಏನಪಾ, ಪರೀಕ್ಷಿ ಬರಿಯಾಕ ಬಂದೀಯೋ, ಮದುವಿಗಿ ಕರಿಯಾಕ ಬಂದೀಯೋ?" ಎಂದಿದ್ದರು. ಇಡೀ ಕೋಣೆ ನಕ್ಕಿತು. ನಾನು ಪಾಸಾದೆ. ಪಾಸಾದದ್ದು ಓದಿದ್ದಕ್ಕೋ ಅರಿಶಿಣಕ್ಕೋ ಎಂಬ ವಿಷಯದಲ್ಲಿ ಅವ್ವನಿಗೆ ಯಾವತ್ತೂ ಅನುಮಾನ ಇರಲಿಲ್ಲ. ಮುಂದೆ ನಾನು ಕೆಮಿಸ್ಟ್ರಿ ಓದಿ ಬಿ.ಎಸ್ಸಿ. ಮಾಡಿದೆ, ಹಗರಿಬೊಮ್ಮನಹಳ್ಳಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾದೆ, ದಿನಾ ಕೊಟ್ಟೂರಿನಿಂದ ಬಸ್ಸಿಗೆ ಹೋಗಿ ಬಂದೆ. ನೇಮಕಾತಿ ಆದೇಶದ ಮೂಲೆಗಳೂ ಹಳದಿಯಾಗಿಯೇ ಇದ್ದವು.

ಕೊಟ್ಟೂರು ಎಂದಮೇಲೆ ಹೆಸರಿನ ವಿಷಯ ಹೇಳಲೇಬೇಕು. ಊರ ದೇವರ ಹೆಸರನ್ನೇ ಮನೆ ಮನೆಯಲ್ಲೂ ಇಡುವುದರಿಂದ, ನಮ್ಮೂರ ಬಸ್ ನಿಲ್ದಾಣದಲ್ಲಿ "ಕೊಟ್ರೇಶಾ" ಎಂದು ಕೂಗಿದರೆ ಅರ್ಧ ಬಸ್ಸು ತಿರುಗಿ ನೋಡುತ್ತದೆ. ಕಾಲೇಜಿನಲ್ಲಿ ಹಾಜರಿ ತೆಗೆಯುವಾಗ ಕೊಟ್ರೇಶ ಒಂದು, ಎರಡು, ಮೂರು ಎಂದು ನಂಬರು ಕೊಟ್ಟಿದ್ದರು. ನಾನು ನಾಲ್ಕನೆಯವನು. ಅಕ್ಕನ ಹೆಸರು ಕೊಟ್ರಮ್ಮ, ಊರವರ ಬಾಯಲ್ಲಿ ಕೊಟ್ರವ್ವ. ನರ್ಸಿಂಗ್ ಓದಿದಳು, ಸಿಂಗಪುರದ ಒಂದು ಆಸ್ಪತ್ರೆಗೆ ಸೇರಿದಳು, ಭಾವನನ್ನೂ ಕರೆಸಿಕೊಂಡಳು. ಭಾವ ಅಲ್ಲಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆದರು. ನನಗೆ ಅಕ್ಕನ ಸಂಬಳಕ್ಕಿಂತ ಬೆರಗಾಗಿ ಕಂಡದ್ದು ಇನ್ನೊಂದು: ಇಡೀ ಆ ದೇಶಕ್ಕೆ ಬಹುಶಃ ಅವಳೊಬ್ಬಳೇ ಕೊಟ್ರಮ್ಮ. ಯಾರಾದರೂ ಕೂಗಿದರೆ ತನ್ನನ್ನೇ ಎಂದು ಖಾತ್ರಿಯಾಗಿ ತಿರುಗಬಹುದು. ಅಂಥ ಸುಖ ನನಗೆ ಈ ಜನ್ಮದಲ್ಲಿ ಇಲ್ಲ.

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ, ಶಾಲೆಗೆ ಇನ್ನೂ ರಜೆ ಬಿಡುವ ಮೊದಲೇ, ಅಕ್ಕ ಒಬ್ಬಳೇ ಮೂರು ವಾರದ ರಜೆಗೆ ಬಂದಳು. ನಾಲ್ಕು ವರ್ಷದ ಮಗಳನ್ನು ಭಾವನ ಹತ್ತಿರ ಬಿಟ್ಟು ಬಂದಿದ್ದಳು. ಬರುವಾಗ ಒಂದು ಕಾಗದ ತಂದಿದ್ದಳು. ಹಳೆಯ ನರ್ಸುಗಳಿಗೆಂದು ಆಸ್ಪತ್ರೆಯವರು ಮೂರು ರಾತ್ರಿಯ ಹಡಗಿನ ವಿಹಾರ ಇಟ್ಟಿದ್ದರಂತೆ. ಅಕ್ಕ ವಾಪಸ್ ಹೋದ ವಾರವೇ ಹೊರಡುವುದು. ಹಡಗು ಹತ್ತುವವರು ಯಾರು ಯಾರು ಏನೇನು ದಾಖಲೆ ತರಬೇಕು ಎಂಬ ಪಟ್ಟಿ ಅದು. ಆ ದೇಶದ ಪ್ರಜೆಗಳಿಗೆ ಒಂದು ಸಾಲು, ಪರದೇಶದವರಿಗೆ ಎರಡು ಸಾಲು, 'ಶಾಶ್ವತ ನಿವಾಸಿ'ಗಳಿಗೆ ಮುಕ್ಕಾಲು ಪುಟ. ಅಕ್ಕ ಈ ಮುಕ್ಕಾಲು ಪುಟದವಳು.

ನಾನು ಪಡಸಾಲೆಯಲ್ಲಿ ಕೂತು ಅದನ್ನು ಕನ್ನಡಕ್ಕೆ ತಿರುಗಿಸಿ ಓದಿ ಹೇಳಿದೆ. ಅವ್ವ ಸಂಡಿಗೆ ಹಿಟ್ಟು ಕಲಸುತ್ತ ಕೇಳಿಸಿಕೊಂಡಳು.

"ಶಾಶ್ವತ ಅಂದ್ರ?" ಎಂದಳು.

"ಅಲ್ಲೇ ಕಾಯಂ ಇರಬಹುದು ಅಂತ."

"ಗುಡಿಯಾಗ ಶಾಶ್ವತ ಪೂಜಿ ಅಂತ ಬೋರ್ಡ್ ಹಾಕ್ಯಾರ. ಅದರಾಗ ಹೆಸರು ಇರೋರೆಲ್ಲ ಸತ್ತು ಹೋಗ್ಯಾರ."

"ಯವ್ವಾ, ಒಳ್ಳೆ ಮಾತು ಆಡು," ಎಂದು ಅಕ್ಕ ನಕ್ಕಳು. ಆಮೇಲೆ ಪಾಸ್‌ಪೋರ್ಟ್ ತಂದು ಒಂದು ಪುಟ ಬಿಚ್ಚಿ ತೋರಿಸಿದಳು. ಅಲ್ಲೊಂದು ಮುದ್ರೆ, ಅದರೊಳಗೆ ಒಂದು ತಾರೀಖು. "ಇದು ಮರಳಿ ಒಳಗ ಬರಾಕ ಕೊಟ್ಟ ಪರವಾನಗಿ. ಹೊರಗ ಹೋದಾಗ ಇದು ಇರಲಿಲ್ಲ ಅಂದ್ರ ಶಾಶ್ವತ ಅನ್ನೋದು ಅಲ್ಲಿಗೇ ಮುಗೀತು. ನೌಕರಿ, ಮನಿ, ಎಲ್ಲಾ ಮೊದಲಿಂದ."

"ಹಡಗು ಯಾವೂರಿಗೆ ಹೋಗ್ತೈತಿ?" ನಾನು ಕೇಳಿದೆ.

"ಯಾವೂರಿಗೂ ಇಲ್ಲ. ಸಮುದ್ರದಾಗ ಮೂರು ದಿನ ತಿರುಗಿ ಹತ್ತಿದ ಬಂದರಿಗೇ ಬಂದು ಇಳಿಸ್ತಾರ."

"ಮತ್ತ ಹೊರಗ ಹೋದಂಗ ಹೆಂಗಾತು?"

"ನೀರಾಗ ಒಂದು ಗೆರಿ ಐತಂತ. ಅದನ್ನ ದಾಟಿದ್ರ ಹೊರಗ."

ನೀರಿನಲ್ಲಿ ಗೆರೆ ಎಂಬ ಮಾತು ನನ್ನ ತಲೆಗೆ ಹೋಗಲಿಲ್ಲ. ನಾವು ಕಂಡ ದೊಡ್ಡ ನೀರೆಂದರೆ ಹಡಗಲಿ ಕಡೆ ಹೋದಾಗ ಕಾಣುವ ತುಂಗಭದ್ರೆ. ಅದಕ್ಕೆ ಈ ದಂಡೆ ಇದೆ, ಆ ದಂಡೆ ಇದೆ. ಗೆರೆ ಹಾಕುವ ತಾಪತ್ರಯವೇ ಇಲ್ಲ. ಆದರೆ ಯೋಚಿಸಿದರೆ ನಮ್ಮಲ್ಲೂ ಅಂಥದ್ದೊಂದು ಆಗಷ್ಟೇ ನಡೆದಿತ್ತು. ಹರಪನಹಳ್ಳಿ ತಾಲೂಕನ್ನು ಬಳ್ಳಾರಿಯಿಂದ ತೆಗೆದು ದಾವಣಗೆರೆ ಜಿಲ್ಲೆಗೆ ಸೇರಿಸಿದ್ದರು. ಆ ತಾಲೂಕಿನ ಚಿಗಟೇರಿಯಲ್ಲಿದ್ದ ನಮ್ಮ ಚಿಗವ್ವ, ಅವ್ವನ ತಂಗಿ, ಒಲೆಯ ಮುಂದಿನಿಂದ ಎದ್ದೇ ಇರಲಿಲ್ಲ, ಜಿಲ್ಲೆ ಮಾತ್ರ ಬದಲಾಗಿತ್ತು. "ನಾ ಎಲ್ಲೂ ಹೋಗಿಲ್ಲಪ, ಅದೇ ಎದ್ದು ಹೋಗೈತಿ," ಎಂದು ಆಕೆ ರೇಷನ್ ಕಾರ್ಡ್ ಹಿಡಿದು ವರ್ಷವಿಡೀ ಹೇಳಿದಳು. ಗೆರೆ ಎಲ್ಲಿ ಬೇಕಾದರೂ ಬೀಳಬಹುದು. ದಾಟಿದವರ ಕೈಯಲ್ಲಿ ಕಾಗದ ಇರಬೇಕು, ಅಷ್ಟೆ.

ಇಷ್ಟೆಲ್ಲ ನಮಗೆ ಅರ್ಥವಾಯಿತು. ಅವ್ವನಿಗೂ ಅರ್ಥವಾಯಿತು, ಬಹಳ ಚೆನ್ನಾಗಿಯೇ. ಮಗಳ ಬಾಳೆಲ್ಲ ಆ ಒಂದು ಪುಟದ ಮೇಲೆ ನಿಂತಿದೆ ಎಂದು ತಿಳಿದ ಮೇಲೆ ಆಕೆ ಸುಮ್ಮನಿರುವುದು ಹೇಗೆ? ಮರುದಿನ ಸೋಮವಾರ. ಬೆಳಿಗ್ಗೆ ಪೂಜೆ ಮುಗಿಸಿ, ಪಾಸ್‌ಪೋರ್ಟನ್ನು ದೇವರ ಜಗುಲಿಯ ಮೇಲಿಟ್ಟು, ಅದೇ ಪುಟ ಬಿಚ್ಚಿ, ನಾಲ್ಕೂ ಮೂಲೆಗೆ ಒದ್ದೆ ಅರಿಶಿಣ ಹಚ್ಚಿಬಿಟ್ಟಳು. ಮುಖ್ಯವಾದ ಪುಟವಲ್ಲವೇ, ತುಸು ಧಾರಾಳವಾಗಿಯೇ ಹಚ್ಚಿದಳು. ಕೆಳಗಿನ ಮೂಲೆಯ ಅರಿಶಿಣ ಹರಿದು ಬಂದು ತಾರೀಖಿನ ಮೇಲೆ ನಿಂತಿತ್ತು.

ಅಕ್ಕ ಕೂಗಲಿಲ್ಲ. ಗೋಡೆಗೆ ಒರಗಿ ಕೆಳಗೆ ಕೂತಳು. "ತಿದ್ದ್ಯಾರ ಅಂತಾರಲೇ," ಎಂದಳು ನನಗೆ, ಮೆಲ್ಲಗೆ. "ತಾರೀಖು ತಿದ್ದ್ಯಾಳ, ಅದನ್ನ ಮುಚ್ಚಾಕ ಬಣ್ಣ ಹಾಕ್ಯಾಳ ಅಂತಾರ. ಹೊಸಾ ಪಾಸ್‌ಪೋರ್ಟ್ ಮಾಡಸಾಕ ತಿಂಗಳುಗಟ್ಟಲೆ ಬೇಕು. ಅಷ್ಟರಾಗ ಇದರ ತಾರೀಖು ಮುಗೀತೈತಿ. ಅಲ್ಲಿ ಕೂಸು ಅದಾಳ."

ಇಲ್ಲಿ ವಿಜ್ಞಾನ ಪ್ರವೇಶ ಮಾಡಿತು. "ಕಲೆ ತಾನೆ, ನಾ ತೆಗಿತೀನಿ," ಎಂದೆ. ಹತ್ತಿ ತಂದೆ, ಸೋಪಿನ ನೀರು ಮಾಡಿದೆ, ಹಗುರಾಗಿ ಒತ್ತಿದೆ. ಅರಿಶಿಣಕ್ಕೆ ಸೋಪು ತಾಗಿದರೆ ಏನಾಗುತ್ತದೆ ಎಂಬುದನ್ನು ನಾನು ಎಂಟನೇ ತರಗತಿಗೆ ಪ್ರತಿವರ್ಷ ಪ್ರಯೋಗ ಮಾಡಿ ತೋರಿಸುತ್ತೇನೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಅಂದು ಅದು ನೆನಪಿಗೆ ಬಂದದ್ದು ಪುಟದ ಮೂಲೆ ಕಣ್ಣೆದುರೇ ಕೆಂಪಗಾದ ಮೇಲೆ. "ಯಪ್ಪಾ, ರಗತ!" ಎಂದು ಅವ್ವ ಹಿಂದೆ ಸರಿದಳು. ಗಾಬರಿಯಲ್ಲಿ ನಿಂಬೆರಸ ಒತ್ತಿದೆ. ಮತ್ತೆ ಹಳದಿಯಾಯಿತು, ಮೊದಲಿಗಿಂತ ಅಗಲವಾಗಿ. ಮುದ್ರೆಯ ಶಾಯಿ ಹರಡದಿದ್ದದ್ದು ಪುಣ್ಯ.

"ಏನು ಓದಿದ್ಯೋ ಏನೋ," ಎಂದಳು ಅವ್ವ. "ಅರಿಶಿಣದ ಸೀರಿ ಯಾರಾದ್ರೂ ಸೋಪು ಹಾಕಿ ತಿಕ್ಕತಾರೇನು? ಬಿಸಿಲಿಗೆ ಹಾಕ್ತಾರ. ಎರಡು ಬಿಸಿಲಿಗೆ ಅರಿಶಿಣ ತಾನೇ ಹೋಗ್ತೈತಿ."

ಅದು ನಿಜ. ನನಗೆ ಗೊತ್ತಿರಬೇಕಾಗಿದ್ದ ನಿಜ. ನಮ್ಮ ಕೂಡ್ಲಿಗಿ ಸೀಮೆಯಲ್ಲಿ ಬೇರೆ ಏನು ಕಡಿಮೆ ಬಿದ್ದರೂ ಬಿಸಿಲು ಕಡಿಮೆ ಬಿದ್ದದ್ದಿಲ್ಲ. ಪಾಸ್‌ಪೋರ್ಟನ್ನು ಮಾಳಿಗೆಯ ಮೇಲೆ ಬಿಚ್ಚಿಟ್ಟು, ಎರಡು ಬದಿಗೂ ಕಲ್ಲು ಹೇರಿ, ನಾನು ರಜೆ ಹಾಕಿ ಕೊಡೆ ಹಿಡಿದು ಪಕ್ಕದಲ್ಲಿ ಕಾವಲು ಕೂತೆ. ಸಂಜೆ ಹೊತ್ತಿಗೆ ಹಳದಿ ಅರ್ಧಕ್ಕೆ ಇಳಿದಿತ್ತು. ನಮ್ಮ ಸೂರ್ಯನ ಬಗ್ಗೆ ಮೊದಲ ಸಲ ನನಗೆ ಗೌರವ ಬಂತು. ಇಷ್ಟು ದೂರದಿಂದ ಬಂದು, ಇಷ್ಟು ಸಣ್ಣ ಪುಟದ ಮೂಲೆಯಲ್ಲಿ, ಇಷ್ಟು ನಾಜೂಕಾಗಿ ಕೆಲಸ ಮಾಡುವವರು ಇನ್ನಾರಿದ್ದಾರೆ?

ಎರಡನೆಯ ದಿನ ಅವ್ವ, ಹೇಗೂ ಇವನು ಕೂತೇ ಇರುತ್ತಾನಲ್ಲ ಎಂದು, ಸಂಡಿಗೆಯ ತಟ್ಟೆಗಳನ್ನೂ ನನ್ನ ಪಕ್ಕ ಹರಡಿ ಹೋದಳು. ಮಧ್ಯಾಹ್ನ ಮಂಗಗಳು ಬಂದವು. ದೊಡ್ಡದೊಂದು ಸಂಡಿಗೆಯ ತಟ್ಟೆಗೆ ಕೈ ಹಾಕಿತು. ನಾನು ಕೊಡೆ ಬೀಸಿ ಎದ್ದೆ, ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಎದೆಗೆ ಅವುಚಿಕೊಂಡೆ. ಈಗಲೂ ಮೈ ಬಿಸಿಯಾಗುತ್ತದೆ ನೆನೆದರೆ. ಬಿ.ಎಸ್ಸಿ. ಪದವೀಧರನೊಬ್ಬ ಆ ಕ್ಷಣದಲ್ಲಿ ಕಾಪಾಡಿದ್ದು ಸಂಡಿಗೆಯನ್ನು. ಮಂಗ ನನ್ನನ್ನೊಮ್ಮೆ ನೋಡಿತು, ಕಲ್ಲು ತಳ್ಳಿತು, ಪಾಸ್‌ಪೋರ್ಟ್ ಎತ್ತಿಕೊಂಡು ಪಕ್ಕದ ಶೇಂಗಾ ಮಿಲ್ಲಿನ ಚಾವಣಿಗೆ ಜಿಗಿಯಿತು.

ಆ ಮಿಲ್ಲು ನಮ್ಮ ಮನೆಯ ಗೋಡೆಗೇ ತಗುಲಿಕೊಂಡಿತ್ತು. ಶೇಂಗಾ ಸುಲಿಯುವ ಯಂತ್ರ ಒಳಗೆ ದಡಬಡ ಎನ್ನುತ್ತಿತ್ತು. ಮೇಲೆ ಹಳೆಯ ಸಿಮೆಂಟ್ ಶೀಟು. ಮಂಗ ಚಾವಣಿಯ ನಡುವೆ ಕೂತು, ಒಂದೊಂದೇ ಪುಟ ತಿರುವಿ, ಪೂರಾ ಅಧಿಕಾರಿಯ ಹಾಗೆ ನೋಡಿತು. ನನ್ನ ಕೂಗಿಗೆ ಅಕ್ಕ ಓಡಿ ಬಂದಳು. ತಟ್ಟೆಯಿಂದ ಸಂಡಿಗೆ ತೆಗೆದು ಚಾವಣಿಯ ಅಂಚಿಗೆ ಎಸೆದಳು. ಮಂಗ ಪಾಸ್‌ಪೋರ್ಟ್ ಬಿಟ್ಟು ಸಂಡಿಗೆಗೆ ಬಂತು. ಪಾಸ್‌ಪೋರ್ಟ್ ಜಾರಿ, ಶೀಟಿನ ಒಂದು ಮಡಿಕೆಯಲ್ಲಿ ಸಿಕ್ಕಿ ನಿಂತಿತು. ಬೇಸಿಗೆಯ ಗಾಳಿಗೆ ಪುಟಗಳು ಪಟಪಟ ಹೊಡೆದುಕೊಂಡವು.

ನಾನು ಗೋಡೆ ದಾಟಿ ಒಂದು ಕಾಲು ಶೀಟಿನ ಮೇಲಿಟ್ಟೆ. ಚಟ್ ಎಂದಿತು. ಬಿರುಕು ನನ್ನ ಕಾಲಿನಿಂದ ಹೊರಟು ಒಂದು ಮೊಳ ಓಡಿತು. ಕಾಲು ಹಿಂದಕ್ಕೆಳೆದುಕೊಂಡೆ. ಮಿಲ್ಲಿನ ಹಮಾಲಿ ಮೇಸ್ತ್ರಿ ದುರುಗಪ್ಪ ಕೆಳಗಿನಿಂದ ಕೂಗಿದ: "ಯಾರಲೇ ಅದು ಮ್ಯಾಲೆ? ಸಾಯ್ತೀರಿ! ಇಳೀರಿ!"

ಅಕ್ಕ ಬಗ್ಗಿ ಉತ್ತರ ಕೊಟ್ಟಳು. "ದುರುಗಣ್ಣಾ, ನಾನು ಕೊಟ್ರವ್ವ. ನನ್ನ ಕಾಗದ ಶೀಟಿನ ಮ್ಯಾಲೆ ಬಿದ್ದೈತಿ."

"ಸಂಜಿಕ ಹಲಗಿ ಹಾಕಿ ತಗಿಸಿಕೊಡ್ತೀನವ್ವಾ."

"ಅಷ್ಟೊತ್ತನ ಅದು ಇರಂಗಿಲ್ಲಣ್ಣಾ."

ನಿಜವಾಗಿಯೂ ಇರುತ್ತಿರಲಿಲ್ಲ. ಇನ್ನೆರಡು ಮಂಗಗಳು ಆ ಕಡೆಯ ಬೇವಿನ ಮರದಿಂದ ಇಳಿಯುತ್ತಿದ್ದವು. ಅಕ್ಕ ಸೆರಗು ಸೊಂಟಕ್ಕೆ ಸಿಗಿಸಿದಳು, ಚಪ್ಪಲಿ ಬಿಟ್ಟಳು. ನಾನು ಅವಳ ತೋಳು ಹಿಡಿದೆ. ಬಿಡಿಸಿಕೊಂಡಳು, ಸಿಟ್ಟಿನಿಂದಲ್ಲ, ರೋಗಿಯ ಕೈ ಬಿಡಿಸುವಂತೆ, ಬೆರಳು ಬೆರಳಾಗಿ.

ಅಕ್ಕ ನಿಲ್ಲುವವಳಲ್ಲ ಎಂದು ದುರುಗಪ್ಪನಿಗೆ ಆಗಲೇ ತಿಳಿದಿತ್ತು. ಯಂತ್ರ ನಿಲ್ಲಿಸಿದ. ಒಮ್ಮೆಲೇ ಬಂದ ಆ ನಿಶ್ಶಬ್ದದಷ್ಟು ಭಯ ನನಗೆ ಬೇರೆ ಯಾವುದೂ ತಂದಿಲ್ಲ. ಆಮೇಲೆ ಅವನ ದನಿ ಶೀಟಿನ ಕೆಳಗಿನಿಂದ ಬಂತು, ನಿಧಾನವಾಗಿ: "ಬೋಲ್ಟಿನ ಸಾಲು ಕಾಣ್ತೈತೇನವ್ವಾ? ಅದರ ಕೆಳಗ ಕಬ್ಬಿಣ ಐತಿ. ಬೋಲ್ಟ್ ಮ್ಯಾಲೇ ಕಾಲಿಡು. ನಡುವ ಇಡಬ್ಯಾಡ."

ಅಕ್ಕ ನಡೆದಳು. ಒಂದು ಬೋಲ್ಟು, ಇನ್ನೊಂದು ಬೋಲ್ಟು. ಕಾದ ಶೀಟಿನ ಮೇಲೆ ಬರಿಗಾಲು. ಕೆಳಗೆ ಹಮಾಲಿಗಳು ಶೇಂಗಾ ಹೊಟ್ಟಿನ ರಾಶಿಯನ್ನು ಬುಟ್ಟಿ ಬುಟ್ಟಿಯಾಗಿ ಅವಳು ನಡೆದ ಕಡೆಗೆ ಸುರಿಯುತ್ತಿದ್ದದ್ದು ಸಪ್ಪಳದಿಂದ ಗೊತ್ತಾಗುತ್ತಿತ್ತು. ಅವಳು ಮುಂದೆ ಹೋದಂತೆ ರಾಶಿಯೂ ಮುಂದೆ ಹೋಗುತ್ತಿತ್ತು. ಮುಖ ಕಾಣದ ಆ ಜನ, ಬಿದ್ದರೆ ಬೀಳಲಿಕ್ಕೆಂದು ಒಂದು ನೆಲವನ್ನೇ ಅವಳ ಹಿಂದೆ ಹಿಂದೆ ಎಳೆದುಕೊಂಡು ಹೋಗುತ್ತಿದ್ದರು. ಅದರಷ್ಟು ದೊಡ್ಡದನ್ನು ನಾನು ಮತ್ತೆ ಕಂಡಿಲ್ಲ.

ಅಕ್ಕ ಬಗ್ಗಿದಳು, ಎಡಗೈ ಚಾಚಿದಳು, ಬೆರಳ ತುದಿಗೆ ಪಾಸ್‌ಪೋರ್ಟ್ ಸಿಗಲಿಲ್ಲ. ಇನ್ನೊಂದು ಹೆಜ್ಜೆ ಬೇಕಿತ್ತು. ಕಾಲೆತ್ತಿದಳು. ಆಗ ದುರುಗಪ್ಪ ಚೀರಿದ: "ನಿಂದ್ರು! ಅಲ್ಲಿ ಪ್ಲಾಸ್ಟಿಕ್ ಶೀಟ್ ಐತಿ, ನಿನ್ನ ನೆಳ್ಳು ಕಾಣ್ತೈತಿ!" ಬೆಳಕಿಗೆಂದು ನಡುವೆ ಹಾಕಿದ್ದ ತೆಳು ಶೀಟು, ಧೂಳು ಕೂತು ಮೇಲಿನಿಂದ ಉಳಿದವುಗಳ ಹಾಗೆಯೇ ಕಾಣುತ್ತಿತ್ತು. ಅಕ್ಕ ಒಂಟಿ ಕಾಲಲ್ಲಿ ನಿಂತಳು. ಗಾಳಿ ಎದ್ದಿತು. ಪಾಸ್‌ಪೋರ್ಟ್ ಒಂದು ಗೇಣು ಜರುಗಿತು.

ಅವ್ವ ನನ್ನ ಪಕ್ಕ ಬಂದು ನಿಂತಿದ್ದಳು. ಅವಳ ಬಾಯಿಂದ ದನಿಯೇ ಹೊರಡುತ್ತಿರಲಿಲ್ಲ. ಆ ಹೊತ್ತಿನಲ್ಲಿ ಕೂಗಿದವನು ನಾನು. ಏನು ಕೂಗಿದೆ? ಹೊಳ್ಳಿ ಬಾ ಎನ್ನಬೇಕಿತ್ತು. ಕಾಗದ ಸುಡಲಿ, ನೀ ಬಾ ಎನ್ನಬೇಕಿತ್ತು. ಯಾವ ತಮ್ಮನಾದರೂ ಅದನ್ನೇ ಅನ್ನುತ್ತಾನೆ. ನಾನು ಕೂಗಿದ್ದು: "ಮುಂದ ಹೋಗಕ್ಕಾ! ಪಾಸ್‌ಪೋರ್ಟ್ ಹಾರ್ತೈತಿ!"

ಅಕ್ಕ ಎತ್ತಿದ ಕಾಲನ್ನು ಪ್ಲಾಸ್ಟಿಕ್ಕಿನ ಆಚೆಗೆ ನೀಡಿ ಮುಂದಿನ ಬೋಲ್ಟಿನ ಮೇಲಿಟ್ಟಳು. ಬಗ್ಗಿದಳು. ಹಿಡಿದಳು. ಮತ್ತೆ ತಿರುಗದೆ ಹಾಗೇ ಮುಂದೆ ನಡೆದು ಆ ಕೊನೆಯ ಗೋಡೆ ಮುಟ್ಟಿದಳು. ದುರುಗಪ್ಪ ಅಲ್ಲಿ ಏಣಿ ಹಚ್ಚಿದ. ನಾವು ಮನೆ ಸುತ್ತಿ ಓಡುವ ಹೊತ್ತಿಗೆ ಅವಳು ಮಿಲ್ಲಿನ ಅಂಗಳದಲ್ಲಿ ನಿಂತು ಆ ಪುಟ ಬಿಚ್ಚಿ ನೋಡುತ್ತಿದ್ದಳು. ಅಂಗಾಲಲ್ಲಿ ಬೊಬ್ಬೆ ಎದ್ದಿದ್ದವು.

"ಹಳದಿ ಹೋಗೈತಿ, ನೋಡಲೇ," ಎಂದಳು. ಕಣ್ಣು ಹಿಗ್ಗಿಸಿ ನೋಡಿದರೆ ಮೂಲೆಯಲ್ಲಿ ಒಂದು ತೆಳು ಛಾಯೆ, ಅಷ್ಟೆ. ತಾರೀಖು ಸ್ಪಷ್ಟವಾಗಿತ್ತು.

ಅವ್ವನಿಗೆ ಆಗ ದನಿ ಬಂತು. ಮಗಳ ಬೆನ್ನಿಗೆ ಎರಡು ಗುದ್ದಿ, ತಬ್ಬಿಕೊಂಡು, ಹಮಾಲಿಗಳೆಲ್ಲರ ಎದುರು ಅತ್ತಳು. "ಹಡಗು ಹತ್ತು ಅಂದ್ರ ಮಿಲ್ಲಿನ ಶೀಟು ಹತ್ತೀಯಲ್ಲೇ, ಮೂಳಾ!" ದುರುಗಪ್ಪ ತಲೆಗೆ ಸುತ್ತಿದ ಟವೆಲ್ಲು ಬಿಚ್ಚಿ ಹೊಟ್ಟಿನ ಧೂಳು ಒರೆಸಿಕೊಂಡ. "ನಮ್ಮ ಮಿಲ್ಲಿಗೆ ಪಾಸ್‌ಪೋರ್ಟ್ ಇಲ್ಲದ ಬಂದೀಯವ್ವಾ, ಇನ್ನೊಮ್ಮಿ ಬಿಡಂಗಿಲ್ಲ," ಎಂದ. ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ನನ್ನ ಕೂಗಿನ ವಿಷಯ ಯಾರೂ ಎತ್ತಲಿಲ್ಲ.

ಆರು ದಿನದ ನಂತರ ಅಕ್ಕ ಹೊರಟಳು. ವಿಮಾನ ಇಳಿದಾಗ ಅಲ್ಲಿನ ಅಧಿಕಾರಿ ಏನೂ ಕೇಳಲಿಲ್ಲವೆಂದು ಭಾವ ಫೋನು ಮಾಡಿ ತಿಳಿಸಿದರು. ಆದರೂ ಹಡಗು ಬಾಕಿ ಇತ್ತು. ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ ಮತ್ತೆ ಆ ಪುಟ ಬಿಚ್ಚಬೇಕು. ಆ ವಾರವೆಲ್ಲ ನನಗೆ ಪಾಠ ಮಾಡಲಾಗಲಿಲ್ಲ. ಬೋರ್ಡಿನ ಕಡೆ ತಿರುಗಿದರೆ ಕಪ್ಪು ಹಲಗೆಯ ಮೇಲೆ ಒಂಟಿ ಕಾಲಿನ ಅಕ್ಕ. ನನ್ನ ದನಿ ನನಗೇ ಕೇಳಿಸುತ್ತಿತ್ತು. ಮುಂದ ಹೋಗಕ್ಕಾ. ಒಂದು ವೇಳೆ ಬಿದ್ದಿದ್ದರೆ, ಅವಳು ಕೊನೆಗೆ ಕೇಳಿದ ಮಾತು ಅದೇ ಆಗಿರುತ್ತಿತ್ತಲ್ಲ.

ಹಡಗು ಮರಳುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಫೋನ್ ಮಾಡುತ್ತೇನೆಂದು ಅಕ್ಕ ಮೊದಲೇ ಹೇಳಿದ್ದಳು. ಬಸ್ ನಿಲ್ದಾಣದ ಎದುರಿನ ಎಸ್‌ಟಿಡಿ ಬೂತಿನಲ್ಲಿ ಒಂಬತ್ತಕ್ಕೇ ಹೋಗಿ ಕೂತೆ. ಹತ್ತೂವರೆಗೆ ಫೋನಿನ ಗಂಟೆ ಬಡಿಯಿತು.

"ಬಿಟ್ರೇನು?" ಎಂದೆ, ಹಲೋ ಕೂಡ ಅನ್ನದೆ.

"ಬಿಟ್ರಲೇ. ಹತ್ತುವಾಗ ಸುಮ್ಮನ ಬಿಟ್ರು. ಇಳಿಯುವಾಗ ಒಬ್ಬಾಕಿ ಆ ಮೂಲಿ ಮ್ಯಾಲೆ ಹೆಬ್ಬಟ್ಟು ಆಡಿಸಿದ್ಲು. ಎರಡು ಸಲ. ಆಮ್ಯಾಲೆ ಠಪ್ ಅಂತ ಒತ್ತಿ ಕೊಟ್ಲು. ಈಗ ಮಗಳು ತೊಡಿ ಮ್ಯಾಲೆ ಕುಂತಾಳ."

ಸಮುದ್ರ ಹೇಗಿತ್ತು ಎಂದು ಕೇಳಿದೆ. "ಎತ್ತಾಗ ನೋಡಿದ್ರೂ ಏನೂ ಇಲ್ಲ, ತಮ್ಮಾ. ಹೇಳಾಕ ಬರಂಗಿಲ್ಲ. ಎದಿ ತುಂಬಿ ಬಂತು. ಅವ್ವನ್ನ ಕರ್ಕೊಂಡು ಬರಬೇಕಿತ್ತು ಅನ್ನಿಸ್ತು." ಆ ಗೆರೆ ಕಂಡಿತೇ ಎಂದರೆ, ಮೂರು ದಿನ ಹುಡುಕಿದೆ, ಕಾಣಲಿಲ್ಲ ಎಂದಳು.

ಆಗ ನನಗೆ ತಡೆಯಲಾಗಲಿಲ್ಲ. "ಅಕ್ಕಾ, ಅವತ್ತು ಶೀಟಿನ ಮ್ಯಾಲೆ ನಾ ಒದರಿದ್ದು ನಿನಗ ಕೇಳಿಸಿತ್ತೇನು?"

"ಕೇಳಿಸಿತ್ತು."

"ಹೊಳ್ಳಿ ಬಾ ಅನ್ನಬೇಕಿತ್ತು ನಾನು."

ತಂತಿಯಲ್ಲಿ ಸಮುದ್ರದಂಥದ್ದೇ ಒಂದು ಸದ್ದು. ಆಮೇಲೆ ಅವಳೆಂದಳು: "ನಾ ನಿಂತಿದ್ದ ಕಾಲಿನ ಹಿಂದ ಶೀಟು ಬಿರುಕು ಬಿಟ್ಟಿತ್ತಲೇ. ಅಂಗಾಲಿಗೆ ಗೊತ್ತಾಗಿತ್ತು. ಆದ್ರೂ ನೀ ಹೊಳ್ಳು ಅಂದಿದ್ರ ಹೊಳ್ಳತಿದ್ದೆ. ಆಗ ಯಾರು ಏನು ಅಂದ್ರೂ ನಾ ಅದನ್ನ ಮಾಡತಿದ್ದೆ. ಹೊಳ್ಳಾಕ ಅಲ್ಲಿ ಜಾಗ ಇದ್ದಿಲ್ಲ."

ಇದು ನಡೆದದ್ದೇ, ಅಥವಾ ತಮ್ಮನಿಗೆ ನಿದ್ದೆ ಬರಲಿ ಎಂದು ನರ್ಸ್ ಒಬ್ಬಳು ಕೊಟ್ಟ ಮಾತ್ರೆಯೇ, ಇಂದಿಗೂ ನನಗೆ ಗೊತ್ತಿಲ್ಲ. ಕೇಳುವ ಧೈರ್ಯ ಬಂದಿಲ್ಲ. ಅಂದು ಬೂತಿನ ಗಾಜಿಗೆ ಹಣೆ ಒತ್ತಿಕೊಂಡು ನಿಂತೆ. ಹೊರಗೆ ಹರಪನಹಳ್ಳಿ ಬಸ್ಸು ಹೊರಟು, ಕಂಡಕ್ಟರು ಯಾರೋ ಕೊಟ್ರೇಶನನ್ನು ಕೂಗುತ್ತಿದ್ದ.

"ಹಲೋ," ಎಂದಳು ಅಕ್ಕ. "ಲೇ, ಅದೀಯೇನು?"

"ಅದೀನಿ ಅಕ್ಕಾ," ಎಂದೆ.